ಸಮಿತಿಯಲ್ಲಿ ಅರ್ಧ ಜನ ಹೆಂಗಸರಿದ್ದಾರೆ, ಆದ್ರೂ ಟ್ಯಾಂಕ್ ಎಲ್ಲಿ ಕಟ್ಬೇಕು ಅನ್ನೋದನ್ನ ಒಂದೇ ಮನೆತನ ತೀರ್ಮಾನ ಮಾಡ್ತಿದೆ. ಏನ್ ಮಾಡ್ಬಹುದು?

ಕೆರೆಏರಿ:

ಎಲ್ರಿಗೂ ನಮಸ್ಕಾರ. ಪಾವಗಡ ಕಡೆ ಒಂದು ಸಂಸ್ಥೆಯಲ್ಲಿ ಸಮುದಾಯ ಸಂಘಟಕಿ ಆಗಿ ಕೆಲಸ ಮಾಡ್ತಿದೀನಿ. ಕುಡಿಯೋ ನೀರಿನ ಕೆಲಸ, ಜಲ ಜೀವನ್ ಮಿಷನ್, ನಮ್ಮಲ್ಲಿ ಮನೆ ಮನೆಗೆ ಗಂಗೆ ಅಂತಾರಲ್ಲ ಅದೇ, ಅದರ ಜೊತೆಗೆ ಒಂದು ಕಂಪನಿ ಸಾಮಾಜಿಕ ಹೊಣೆಗಾರಿಕೆ ಅಂತ ಕೊಡೋ ಸಿಎಸ್‌ಆರ್ ದುಡ್ಡೂ ಸೇರಿದೆ. ನಿಯಮದ ಪ್ರಕಾರ ಊರಿನ ನೀರು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು, ಇದಾರೆ, ನಡಾವಳಿ ಪುಸ್ತಕದಲ್ಲಿ ಅವರ ಸಹಿ ಇದೆ, ಫೋಟೋದಲ್ಲಿ ಮುಂದಿನ ಸಾಲಲ್ಲೇ ಕೂತಿದಾರೆ, ದುಡ್ಡು ಕೊಟ್ಟೋರಿಗೆ ರಿಪೋರ್ಟೂ ಹೋಗಿದೆ. ಆದ್ರೆ ಸಭೆಲಿ ನಡೆಯೋದೇ ಬೇರೆ.

ಸಭೆ ಸೇರೋದು ದೇವಸ್ಥಾನದ ಕಟ್ಟೆ ಮೇಲೆ. ಗಂಡಸರು ಕಟ್ಟೆ ಮೇಲೆ, ಊರೊಳಗಿನ ಹೆಂಗಸರು ಕೆಳಗೆ ಗೋಡೆಗೆ ಒರಗಿ, ಕಾಲೋನಿಯಿಂದ ಬಂದ ಇಬ್ಬರು ಹೆಂಗಸರು ರಸ್ತೆ ಆಚೆ ಹೊಂಗೆ ಮರದ ಹತ್ರ ನಿಂತಿರ್ತಾರೆ, ಯಾಕಂದ್ರೆ ಅವರು ಆ ಕಟ್ಟೆ ಹತ್ರಕ್ಕೆ ಬರೋ ಪದ್ಧತಿ ಇಲ್ಲ. ಅಲ್ಲಿಗೆ ಮಾತು ಕೇಳ್ಸೋದೂ ಇಲ್ಲ. ಉಳಿದ ಮಹಿಳಾ ಸದಸ್ಯರು ಯಾರು ಅಂತ ನೋಡಿದ್ರೆ ಒಬ್ಬರು ಪಂಚಾಯ್ತಿ ಮೆಂಬರ್ ಸೊಸೆ, ಇನ್ನೊಬ್ಬರು ಅವರ ತಮ್ಮನ ಹೆಂಡತಿ, ಮತ್ತೊಬ್ಬರು ಅವರ ಅಕ್ಕನ ಸೊಸೆ, ಅಂದ್ರೆ ಪಟ್ಟಿ ಮಾಡಿದ್ದೇ ಆ ಮನೆತನ, ಅದರ ನೆಂಟರ ಮನೆಗಳೊಳಗೆ. ಓವರ್‌ಹೆಡ್ ಟ್ಯಾಂಕಿಗೆ ಜಾಗ ಅವರ ಹೊಲದ ಪಕ್ಕದಲ್ಲೇ ಗುರುತಾಯ್ತು, ಯಾರೂ ಬೇಡ ಅನ್ನಲಿಲ್ಲ.

ಮಾರನೇ ದಿನ ನಲ್ಲಿ ಹತ್ರ ಅದೇ ಮೆಂಬರ್ ಸೊಸೆ ಸಿಕ್ಕಾಗ ಮಾತಾಡಿಸಿದೆ. ಕೆಳಗಿನ ಬೀದಿಗೆ ಯಾವ ಹೊತ್ತಲ್ಲಿ ಪ್ರೆಶರ್ ಬೀಳುತ್ತೆ, ಕರೆಂಟ್ ಯಾವಾಗ ಹೋಗುತ್ತೆ, ಯಾವ ಬೋರ್‌ವೆಲ್ ನೀರು ಕಾಯಿಸಿದ್ರೆ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತೆ, ಟ್ಯಾಂಕು ಸ್ಕೂಲ್ ಹಿಂದಿನ ದಿಣ್ಣೆ ಮೇಲಿದ್ರೆ ಕಾಲೋನಿಗೂ ನೀರು ಏರುತ್ತೆ ಅಂತ ಇಂಜಿನಿಯರ್ ಕೂಡ ಹೇಳದೇ ಇರೋದನ್ನೆಲ್ಲ ನಿಂತ ನಿಲುವಲ್ಲಿ ಹೇಳಿದ್ಲು. ಸಭೆಲಿ ಯಾಕಮ್ಮ ಹೇಳ್ಲಿಲ್ಲ ಅಂದ್ರೆ, "ಅಲ್ಲಿ ನಮ್ಮ ಮಾವ ಕೂತಿದ್ರಲ್ಲ ಅಕ್ಕ" ಅಂದ್ಲು ಅಷ್ಟೇ.

ನನ್ನ ಪ್ರಶ್ನೆ ಏನಂದ್ರೆ, ಸಂಬಂಧಗಳನ್ನ ಬಿಟ್ಟು ಹಳ್ಳಿಲಿ ಕೆಲಸ ಮಾಡಕ್ಕಾಗಲ್ಲ, ಅದು ಗೊತ್ತು. ಆದ್ರೆ ಅದೇ ಸಂಬಂಧಗಳು ಹೆಂಗಸರ ಬಾಯಿ ಮುಚ್ಚಿಸ್ತಿರೋವಾಗ ಯೋಜನೆ ಮಾಡೋರು ಎಲ್ಲಿಂದ ಶುರು ಮಾಡ್ಬೇಕು? ಸ್ತ್ರೀಶಕ್ತಿ ಸಂಘಗಳ ಮೂಲಕ ಹೋದ್ರೆ ಸರಿ ಹೋಗುತ್ತಾ, ಅಥವಾ ಅಲ್ಲೂ ಅದೇ ಮನೆಗಳೇ ಮುಂದೆ ಬರ್ತಾವಾ? ಈ ಥರ ಯೋಜನೆಗಳಲ್ಲಿ ಕೆಲಸ ಮಾಡಿದೋರು ದಯವಿಟ್ಟು ಹೇಳಿ, ಪೈಪ್ ಹಾಕೋಕೆ ಇನ್ನೂ ಸ್ವಲ್ಪ ಟೈಮಿದೆ, ಜಾಗ ಬದಲಾಯಿಸಬಹುದು.

ಬದುಮಣ್ಣು:

ಮೇಡಂ, ನಾನು ಸುಜಲಾ ಟೈಮಿನ್ಯಾಗ ಹಾವೇರಿ ಜಿಲ್ಲಾದಾಗ ಒಂದು ಸಂಸ್ಥಾದ ಕಡಿಯಿಂದ ಫೀಲ್ಡ್ ಕೆಲಸಾ ಮಾಡೇನ್ರಿ. ವಿಶ್ವಬ್ಯಾಂಕ್ ನೆರವಿನ ಜಲಾನಯನ ಯೋಜನೆ, 2001ಕ್ಕ ಚಾಲೂ ಆಗಿ 2009ರ ತನಕ ನಡೀತು, ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಐದು ಜಿಲ್ಲಾ. ಅದರಾಗ ಹೊಲದ ಬದು, ಕೃಷಿಹೊಂಡ ಎಲ್ಲಾ ಹೊಲ ಇದ್ದವರಿಗೆ ಹೋಗೂದು ಸಹಜ, ಹೊಲ ಇರೂದು ಗಂಡಸರ ಹೆಸರಿಗೆ, ಹಂಗಾಗಿ ಹೆಣಮಕ್ಕಳಿಗೆ ಮತ್ತ ಭೂಮಿ ಇಲ್ಲದವರಿಗೆ ಸ್ವಸಹಾಯ ಸಂಘದ ದಾರಿ ಇಟ್ಟಿದ್ರು. ಕಾಗದದ ಮ್ಯಾಲ ಚಂದ ಐತಿ, ಆದ್ರ ಹಿಂಗ ಭಾಗ ಮಾಡಿದ್ರಿಂದ ಮಣ್ಣು ನೀರಿನ ಮಾತು ಗಂಡಸರದು, ಕುರಿ ಸಾಲದ ಮಾತು ಹೆಣಮಕ್ಕಳದು ಅಂತ ಆಗಿಬಿಡ್ತು. ಬದುವಿನ ಕೂಲಿ ಕೆಲಸಕ್ಕ ಬಂದವರೊಳಗ ಹೆಚ್ಚಿನವರು ಹೆಣಮಕ್ಕಳs, ಯಾವ ಹೊಲದಾಗ ಮಣ್ಣು ಕೊಚ್ಚಿ ಹೊಕ್ಕೈತಿ ಅನ್ನೂದು ಅವರಿಗೆ ಕಾಲಾಗ ಗೊತ್ತಿರತೈತಿ, ಅವರನ್ನ ಪ್ಲ್ಯಾನ್ ಮಾಡೂವಾಗ ಯಾರು ಕೇಳೂದಿಲ್ಲ.

ನೀವು ಹೇಳಿದ ಸೊಸಿ ಮಾತು ಭಾಳ ಮುಖ್ಯ ಐತ್ರಿ. ನಾ ನೋಡಿದ್ದೇನಂದ್ರ, ಹೆಣಮಗಳು ಸಭಾದಾಗ ಮಾತಾಡತಾಳೋ ಇಲ್ಲೋ ಅನ್ನೂದು ಆಕಿ ಆ ಊರಿಗೆ ಹೆಂಗ ಬಂದಾಳ ಅನ್ನೂದರ ಮ್ಯಾಲ ಐತಿ. ನಮ್ಮ ಕಡೆ ಸ್ವಾದರಮಾವಗ ಕೊಡೂದು, ಅತ್ತಿ ಮಗಗ ಕೊಡೂದು ಇನ್ನೂ ಐತಿ. ಹಂಗ ಬಂದಾಕಿಗೆ ಅತ್ತಿ ಅಂದ್ರ ಅಜ್ಜಿನೋ ಸ್ವಾದರತ್ತಿನೋ ಆಗಿರತಾಳ, ಓಣ್ಯಾಗ ತವರಿನ ಮಂದಿ ಇರತಾರ, ಆಕಿ ಒಂದು ಮಾತು ಜೋರಾಗಿ ಅಂದ್ರೂ ನಡೀತೈತಿ. ದೂರದ ಊರಿಂದ ಬಂದ ಹೊಸ ಸೊಸಿಗೆ ಹಿಂದ ಮುಂದ ಯಾರೂ ಇಲ್ಲ. ಹಂಗs ಆ ಊರಾಗ ಹುಟ್ಟಿ, ಗಂಡನ್ನ ಕಳಕೊಂಡೋ ಬಿಟ್ಟೋ ತವರಿಗೆ ತಿರುಗಿ ಬಂದ ಮಗಳು ಇರತಾಳಲ್ಲ, ಆಕಿಗೆ ಮಾವನ ಮುಂದ ಸೆರಗು ಹೊಚ್ಚಗೋಬೇಕನ್ನೂ ಭಾರ ಇರೂದಿಲ್ಲ, ಎಲ್ಲಾರೂ ಆಕಿಗೆ ಕಾಕಾ, ಅಣ್ಣ. ಸಮಿತಿಗೆ ಹೆಸರು ಬರೀವಾಗ ಇಂಥವರನ್ನ ಯಾರೂ ನೆನಸೂದಿಲ್ಲ, ಯಾಕಂದ್ರ ಆಕಿ ಯಾವ ಮನಿ ಲೆಕ್ಕಕ್ಕ ಬರತಾಳ ಅನ್ನೂದs ಕಾರ್ಯದರ್ಶಿಗೆ ಗೊತ್ತಾಗೂದಿಲ್ಲ. ಮೊದಲು ಇವರನ್ನ ಹುಡುಕ್ರಿ.

ಇನ್ನೊಂದು, ಮೊದಲನೇ ಕೆಲಸಾ ಯಾವುದು ತಗೋತೀರಿ ಅನ್ನೂದರಿಂದ ಊರಿಗೆ ಎಲ್ಲಾ ತಿಳೀತೈತಿ. ಸುಜಲಾದಾಗ ವಿಶ್ವಾಸ ಗಳಿಸಲಿಕ್ಕೆ ಅಂತ ಮೊದಲಿಗೆ ಒಂದು ಸಣ್ಣ ಕೆಲಸಾ ಮಾಡತಿದ್ವಿ. ಗಂಡಸರನ್ನ ಕೇಳಿದ್ರ ಗುಡಿ ಮುಂದ ಶೆಡ್ ಅಂತಿದ್ರು. ಒಂದು ಊರಾಗ ಹೆಣಮಕ್ಕಳನ್ನ ಬ್ಯಾರೆ ಕುಂದ್ರಿಸಿ ಕೇಳಿದ್ವಿ, ಹಳ್ಳದ ದಂಡಿಗೆ ಅರಬಿ ಒಗ್ಯಾಕ ಕಲ್ಲಿನ ಪಾವಟಿಗಿ, ದನಾ ನೀರು ಕುಡ್ಯಾಕ ತೊಟ್ಟಿ ಬೇಕಂದ್ರು. ಅದನ್ನs ಮಾಡಿದ್ವಿ. ಆಮ್ಯಾಲಿನ ಸಭಾಕ್ಕ ಕರೀದs ಬಂದ್ರು, ತಮ್ಮ ಮಾತು ಒಂದು ಸಲ ಕಲ್ಲಾಗಿ ನಿಂತದ್ದು ಕಣ್ಣಾರೆ ನೋಡಿದ್ರಲ್ಲ.

ಟೈಮೂ ನೋಡ್ರಿ. ಸಂಜಿ ಏಳಕ್ಕ ಸಭಾ ಕರದ್ರ ರೊಟ್ಟಿ ಯಾರು ಬಡೀಬೇಕು?

ನಕ್ಷೆಗೆರೆ:

ನಾನೀಗ ಇರೋದು ಅಮೆರಿಕದಲ್ಲಿ, ಊರು ಮಂಡ್ಯ ಕಡೆ, ಓದಿದ್ದು ಅರ್ಥಶಾಸ್ತ್ರ. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧ ಇರೋ ಒಂದು ದೊಡ್ಡ ಅಧ್ಯಯನ ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ಆಗಿದೆ, ಅದನ್ನ ಹೇಳ್ಬೇಕು ಅನ್ನಿಸ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ, ಅರುಣ್ ಚಂದ್ರಶೇಖರ್, ಮ್ಯಾಥ್ಯೂ ಜ್ಯಾಕ್ಸನ್ ಸೇರಿ ಮಾಡಿದ್ದು. ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಯಾರು ಯಾರ ಮನೆಗೆ ಹೋಗ್ತಾರೆ, ಅಕ್ಕಿ ಸೀಮೆಎಣ್ಣೆ ಯಾರ ಹತ್ರ ಸಾಲ ತರ್ತಾರೆ, ಕಷ್ಟ ಬಂದ್ರೆ ಯಾರನ್ನ ಕೇಳ್ತಾರೆ, ದೇವಸ್ಥಾನಕ್ಕೆ ಯಾರ ಜೊತೆ ಹೋಗ್ತಾರೆ ಅಂತೆಲ್ಲ ಕೇಳಿ ಇಡೀ ಊರಿನ ನಂಟಿನ ನಕ್ಷೆ ಬರೆದ್ರು. ಆಮೇಲೆ ಅದರಲ್ಲಿ 43 ಹಳ್ಳಿಗೆ ಒಂದು ಕಿರುಸಾಲ ಸಂಸ್ಥೆ ಬಂತು, ಹೆಂಗಸರಿಗೆ ಮಾತ್ರ ಸಾಲ ಕೊಡೋ ಸಂಸ್ಥೆ. ಅವರು ಊರಿಗೆ ಬಂದ ತಕ್ಷಣ ಹೋಗ್ತಿದ್ದದ್ದು ಮೇಷ್ಟ್ರು, ಅಂಗಡಿಯೋರು, ಸ್ವಸಹಾಯ ಸಂಘದ ಮುಖ್ಯಸ್ಥರು, ಈ ಥರದೋರ ಹತ್ರ, ಅವರೇ ಉಳಿದೋರಿಗೆ ಹೇಳ್ಲಿ ಅಂತ. ಆ ಮೊದಲ ಜನ ಊರಿನ ನಂಟಿನ ನಡುಮಧ್ಯದಲ್ಲಿ ಇದ್ದ ಕಡೆ ಹೆಚ್ಚು ಮನೆಗಳು ಸೇರಿದ್ವು, ಪದವಿ ಇದ್ದೂ ನಂಟಿಲ್ಲದೋರು ಇದ್ದ ಕಡೆ ಕಡಿಮೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದರಲ್ಲಿ ನಂಗೆ ತುಂಬಾ ಹಿಡಿಸಿದ ವಿಷಯ ಅಂದ್ರೆ, ಸಾಲ ತಗೊಳ್ಳದೇ ಇದ್ದ ಮನೆಯೋರೂ ಸುದ್ದಿ ಹರಡಿದ್ರು, ಒಟ್ಟು ಸುದ್ದಿ ತಲುಪಿದ್ರಲ್ಲಿ ಮೂರರಲ್ಲಿ ಒಂದು ಪಾಲು ಅಂಥೋರಿಂದ. ಅಂದ್ರೆ ನಿಮ್ಮ ಸಮಿತಿಯಲ್ಲಿ ಇಲ್ಲದೋರೂ ನಿಮ್ಮ ಕೆಲಸ ಮಾಡ್ತಿರ್ತಾರೆ.

ಇದರ ಮುಂದಿನ ಕೆಲಸ ಇನ್ನೂ ಉಪಯೋಗಕ್ಕೆ ಬರುತ್ತೆ. ನಂಟಿನ ನಕ್ಷೆ ಬರೆಯೋಕೆ ವರ್ಷಗಟ್ಟಲೆ ಬೇಕಾಗಿಲ್ಲ, ಊರಿನೋರನ್ನೇ "ಇಲ್ಲೊಂದು ಸುದ್ದಿ ಎಲ್ರಿಗೂ ಮುಟ್ಟಿಸ್ಬೇಕು ಅಂದ್ರೆ ಯಾರಿಗೆ ಹೇಳ್ಬೇಕು" ಅಂತ ಕೇಳಿದ್ರೆ ಸಾಕು, ಅವರು ಸರಿಯಾದ ಹೆಸರೇ ಹೇಳ್ತಾರೆ. ಕರ್ನಾಟಕದ 213 ಹಳ್ಳಿಗಳಲ್ಲಿ ಇದನ್ನ ಪರೀಕ್ಷೆ ಮಾಡಿದ್ರು, ಹಿರಿಯರು ಅನ್ನಿಸಿಕೊಂಡೋರಿಗೆ ಹೇಳಿದಾಗಿನದಕ್ಕಿಂತ ಜನ ಹೆಸರಿಸಿದೋರಿಗೆ ಹೇಳಿದಾಗ ಸುದ್ದಿ ಹೆಚ್ಚು ದೂರ ಹೋಯ್ತು. ನೀವು ಕಾಲೋನಿಲಿ, ಊರೊಳಗೆ, ಪ್ರತಿ ಬೀದಿಲಿ ಹೆಂಗಸರಿಗೆ ಈ ಒಂದು ಪ್ರಶ್ನೆ ಕೇಳಿ ನೋಡಿ. ಮೆಂಬರ್ ಸೊಸೆ ಹೆಸರು ಬರಲ್ಲ ಅಂತ ನನ್ನ ಅಂದಾಜು, ಅಂಗನವಾಡಿ ಸಹಾಯಕಿನೋ ಬಳೆ ಮಾರೋರೋ ಯಾರೋ ಇರ್ತಾರೆ.

ಆದ್ರೆ ಒಂದು ಎಚ್ಚರಿಕೆನೂ ಅದೇ ಹಳ್ಳಿಗಳಿಂದ ಬಂದಿದೆ. ಸಾಲ ಬಂದ ಊರುಗಳಲ್ಲಿ ಕೆಲವು ವರ್ಷ ಆದ್ಮೇಲೆ ಮತ್ತೆ ನಕ್ಷೆ ಬರೆದಾಗ ಜನರ ನಡುವಿನ ಕೊಡುಕೊಳ್ಳುವ ನಂಟುಗಳು ಕಡಿಮೆ ಆಗಿದ್ವು, ಅದೂ ಸಾಲ ತಗೊಳ್ಳದೇ ಇದ್ದ ಮನೆಗಳ ಮಧ್ಯೆನೂ. ಹೊರಗಿನ ದುಡ್ಡು ಬಂದಾಗ ನಾವು ಎಷ್ಟು ಮನೆಗೆ ಎಷ್ಟು ಕೊಟ್ವಿ ಅಂತ ಬರ್ಕೊಳ್ತೀವಿ, ಯಾರು ಯಾರ ಮನೆಗೆ ಹೋಗೋದು ಬಿಟ್ರು ಅಂತ ಯಾರೂ ಬರ್ಕೊಳ್ಳಲ್ಲ. ಬರ್ಕೋಬೇಕು.

ಒಕ್ಕೂಟದಲೆಕ್ಕ:

ನಾನು ನಮ್ಮ ಪಂಚಾಯ್ತಿಯ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ಎಂಬಿಕೆ, ಅಂದ್ರೆ ಸಂಜೀವಿನಿ ಯೋಜನೆಯ ಲೆಕ್ಕ ಬರೆಯೋಳು, ಮನೆ ಕಾಲೋನಿಲಿ. ಮೇಲೆ ಎಲ್ರೂ ಹೆಂಗಸರು ಹೆಂಗಸರು ಅಂತ ಬರೆದಿದೀರ, ಒಳ್ಳೇದು, ಆದ್ರೆ ಆ ಹೊಂಗೆ ಮರದ ಹತ್ರ ನಿಂತಿದ್ದ ಇಬ್ಬರ ಬಗ್ಗೆ ಮೊದಲು ಮಾತಾಡ್ಬೇಕಿತ್ತು. ಮೆಂಬರ್ ಸೊಸೆಗೆ ಮಾವನ ಮುಂದೆ ಮಾತಾಡೋಕೆ ಸಂಕೋಚ, ನಿಜ, ಆದ್ರೆ ರಾತ್ರಿ ಊಟಕ್ಕೆ ಕೂತಾಗ ಅವರತ್ತೆ ಮೂಲಕ ಆದ್ರೂ ಆ ಮಾತು ಮಾವನ ಕಿವಿಗೆ ಬೀಳ್ಬಹುದು. ನಮ್ಮೋರಿಗೆ ಆ ದಾರಿನೂ ಇಲ್ಲ. ನಮ್ಮ ಹೆಂಗಸರು ಅವರ ಹೊಲದಲ್ಲೇ ಕಳೆ ಕೀಳೋಕೆ ಹೋಗ್ಬೇಕು, ನೀರಿನ ಸಭೆಲಿ ಎದುರು ಮಾತಾಡಿದ್ರೆ ನಾಳೆ ಕೂಲಿಗೆ ಕರೆಯಲ್ಲ, ಅಷ್ಟು ಸರಳ. ಕೂಲಿ ಕೊಡೋರು, ಕೈಸಾಲ ಕೊಡೋರು, ನೀರು ಬಿಡೋ ವಾಟರ್‌ಮನ್, ಎಲ್ಲಾ ಒಂದೇ ಕಡೆ ನೆಂಟರಾಗಿದ್ರೆ ನಿಯಮದಲ್ಲಿ 50 ಇದ್ರೇನು 80 ಇದ್ರೇನು.

ಹಾಗಾಗಿ ಸಭೆ ಜಾಗ ಬದಲಾಯಿಸಿ ಅನ್ನೋದೇ ನನ್ನ ಮೊದಲ ಮಾತು. ದೇವಸ್ಥಾನದ ಕಟ್ಟೆ ಬೇಡ, ಸ್ಕೂಲಲ್ಲಿ ಇಡಿ, ಇಲ್ಲ ಒಂದ್ಸಲ ಕಾಲೋನಿಲೇ ಇಡಿ, ಬರೋರು ಬರ್ಲಿ, ಬರದೇ ಇರೋರು ಯಾರು ಅಂತ ನಡಾವಳಿಲಿ ಬರೀರಿ.

ಸಂಘಗಳ ಮೂಲಕ ಹೋಗ್ಬಹುದಾ ಅಂದ್ರಲ್ಲ, ಹೋಗ್ಬಹುದು, ಆದ್ರೆ ಯಾವ ಸಂಘ ಅಂತ ನೋಡಿ. ಮೈರಾಡ ಸಂಸ್ಥೆಯೋರು 80ರ ದಶಕದಲ್ಲಿ ಈ ಸಣ್ಣ ಸಂಘಗಳನ್ನ ಶುರು ಮಾಡಿದ ಕಥೆ ನಮಗೆ ತರಬೇತಿಲಿ ಹೇಳ್ತಾರೆ, ದೊಡ್ಡ ಸಹಕಾರ ಸಂಘಗಳು ಮುರಿದು ಬಿದ್ದಾಗ ಜನ ಸಣ್ಣ ಗುಂಪಾಗಿ ಬಂದು ಸಂಘದ ಮೇಲೆ ನಂಬಿಕೆ ಇಲ್ಲ, ನಿಮಗಾದ್ರೆ ಸಾಲ ಕಟ್ತೀವಿ ಅಂದ್ರಂತೆ, ಹಾಗಾದ್ರೆ ನಿಮ್ಮ ಗುಂಪಿಗೇ ಕಟ್ಕೊಳ್ಳಿ ಅಂತ ಮೈರಾಡದೋರು ಅಂದ್ರು. ಒಬ್ಬರನ್ನೊಬ್ಬರು ನಂಬೋರು ತಾವೇ ಸೇರಿದ ಗುಂಪು ಅದು. 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ 500 ಸಂಘಗಳಿಗೆ ಬ್ಯಾಂಕ್ ಜೋಡಣೆ ಶುರು ಮಾಡಿದ್ದು ಆ ಅನುಭವ ನೋಡಿನೇ. ಈಗ ಟಾರ್ಗೆಟ್‌ಗೋಸ್ಕರ ಪಟ್ಟಿ ಹಿಡಿದು ಮಾಡಿದ ಸಂಘಗಳೂ ಇವೆ, ಅಲ್ಲಿ ನಂಬಿಕೆ ಇರಲ್ಲ, ಸಾಲ ಮಾತ್ರ ಇರುತ್ತೆ. ಖಾಸಗಿ ಮೈಕ್ರೋಫೈನಾನ್ಸ್ ಗುಂಪುಗಳಂತೂ ಇನ್ನೂ ಕಷ್ಟ. ಒಬ್ಬಳು ಕಂತು ಕಟ್ಟಲಿಲ್ಲ ಅಂದ್ರೆ ಉಳಿದೋರು ಅವಳ ಮನೆ ಮುಂದೆ ಕೂರ್ಬೇಕು, ಜೊತೆಗೆ ನೀರಿಗೆ ಹೋಗ್ತಿದ್ದೋರು ಮುಖ ನೋಡದ ಹಾಗಾಗಿದ್ದನ್ನ ನಮ್ಮ ಬೀದಿಲೇ ಕಂಡಿದೀನಿ. ಕಿರುಕುಳ ತಾಳದೆ ಜನ ಊರು ಬಿಟ್ಟು, ಪ್ರಾಣ ಕಳಕೊಂಡ ಮೇಲೆನೇ 2025ರ ಫೆಬ್ರವರಿಲಿ ಸರ್ಕಾರ ಸುಗ್ರೀವಾಜ್ಞೆ ತಂದಿದ್ದು, 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಅಂತ. ನಂಟನ್ನೇ ಅಡ ಇಟ್ಕೊಂಡ್ರೆ ಏನಾಗುತ್ತೆ ಅಂತ ಯೋಜನೆ ಬರೆಯೋರು ಇದರಿಂದ ಕಲೀಬೇಕು.

ಇದಕ್ಕೆ ಬದಲು ಮಹಿಳಾ ಸಮಖ್ಯ ನೋಡಿ, ಹೆಂಗಸರ ಶಿಕ್ಷಣ, ಸಂಘಟನೆಗೆ ಅಂತ ಇದ್ದ ಸರ್ಕಾರಿ ಕಾರ್ಯಕ್ರಮ. 1989ರಲ್ಲಿ ಡಚ್ ಸರ್ಕಾರದ ನೆರವಲ್ಲಿ ಕರ್ನಾಟಕದಲ್ಲೂ ಶುರುವಾಗಿದ್ದು. ಅಲ್ಲಿ ಸಾಲದಿಂದ ಶುರು ಮಾಡ್ಲಿಲ್ಲ, ಕೂತು ಮಾತಾಡೋದರಿಂದ ಶುರು ಮಾಡಿದ್ರು, ಅದೂ ಹೆಚ್ಚಾಗಿ ದಲಿತ ಹೆಂಗಸರ ಜೊತೆ. ನಮ್ಮ ದೊಡ್ಡಮ್ಮ ಅದರ ಸಂಘದಲ್ಲಿದ್ರು, ಓದು ಬರಹ ಇಲ್ಲ, ಆದ್ರೆ ತಾಲ್ಲೂಕು ಆಫೀಸಲ್ಲಿ ಕುರ್ಚಿ ಎಳ್ಕೊಂಡು ಕೂತು ಮಾತಾಡ್ತಿದ್ರು.

ಹೊಲಮನೆ:

ಎಲ್ಲಾ ಓದಿದೆ. ನಾನೂ ಊರಲ್ಲಿ ಇರೋನೇ, ನಮ್ಮದೂ ಅಣ್ಣತಮ್ಮಂದಿರ ದೊಡ್ಡ ಮನೆತನನೇ, ಅದಕ್ಕೇ ಈ ಮಾತು ಹೇಳ್ತಿದೀನಿ. ಸಮುದಾಯದ ವಂತಿಗೆ ಅಂತ ಊರೊಳಗಿನ ಕಾಮಗಾರಿ ವೆಚ್ಚದ ಶೇಕಡಾ 10 ಕಟ್ಬೇಕು ಅಂದಾಗ ಮನೆ ಮನೆ ತಿರುಗಿ ವಸೂಲಿ ಮಾಡೋದು, ಕೊಡಕ್ಕಾಗದೇ ಇರೋರದ್ದು ತಾವೇ ಹಾಕೋದು, ಮೋಟರ್ ಸುಟ್ಟಾಗ ರಾತ್ರೋರಾತ್ರಿ ಮೆಕ್ಯಾನಿಕ್ ಕರ್ಕೊಂಡ್ ಬರೋದು ಇದೆಲ್ಲ ಆ ಮನೆತನದ ನಂಟಿಂದನೇ ಆಗೋದು. ಅವರನ್ನ ಎದುರಾಳಿ ಮಾಡ್ಕೊಂಡು ಟ್ಯಾಂಕ್ ಕಟ್ಟಿಸಿದ್ರೆ ನೀವು ಹೋದ ಮೇಲೆ ಅದನ್ನ ನಡೆಸೋರು ಯಾರು? ಮೆಂಬರ್ ಹತ್ರ ಒಬ್ಬರೇ ಇದ್ದಾಗ ಮಾತಾಡಿ, ದಿಣ್ಣೆ ಜಾಗದ ಲೆಕ್ಕ ಇಂಜಿನಿಯರ್ ಕೈಲಿ ಹೇಳಿಸಿ, ಸಭೆಲಿ ಅವರೇ ಅದನ್ನ ಹೇಳೋ ಹಾಗೆ ಮಾಡಿ. ಮರ್ಯಾದೆ ಉಳಿದ್ರೆ ಅವರೇ ಒಪ್ತಾರೆ.

ಹೆಂಗಸರ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು ಅನ್ನೋದೂ ನನ್ನ ಅನಿಸಿಕೆ. 1987ರಲ್ಲಿ ಮಂಡಲ ಪಂಚಾಯ್ತಿಗೆ ಶೇಕಡಾ 25 ಮೀಸಲಾತಿ ಬಂದಾಗ, ಆಮೇಲೆ 1993ರಲ್ಲಿ ಮೂರರಲ್ಲಿ ಒಂದು ಆದಾಗ, 2010ರಲ್ಲಿ ಅರ್ಧ ಆದಾಗ, ಪ್ರತಿ ಸಲ ಗಂಡನೇ ಆಡಳಿತ ಮಾಡ್ತಾನೆ ಅಂದ್ರು, ಮಾಡ್ದೋರೂ ಇದ್ರು. ಆದ್ರೆ ನಮ್ಮ ಪಂಚಾಯ್ತಿಲಿ ಮೊದಲ ಸಲ ಬಾಯಿ ಬಿಡದೇ ಇದ್ದೋರು ಎರಡನೇ ಸಲ ಗೆದ್ದು ಬಂದಾಗ ಪಿಡಿಒನ ಫೈಲ್ ಇಟ್ಕೊಂಡು ಪ್ರಶ್ನೆ ಮಾಡಿದ್ದು ನೋಡಿದೀನಿ.

ಒಕ್ಕೂಟದಲೆಕ್ಕ:

ಹೊಲಮನೆ ಅಣ್ಣ, ಮೆಂಬರ್‌ನ ಒಪ್ಪಿಸಿ ಅನ್ನೋದು ಸರಿ, ನೀವು ಕೆಟ್ಟ ಮನಸ್ಸಿಂದ ಹೇಳ್ತಿಲ್ಲ. ಆದ್ರೆ ದಿಣ್ಣೆ ಜಾಗ ಸರಿ ಅಂತ ಹೇಳಿದ್ದು ಒಬ್ಬ ಹೆಣ್ಣುಮಗಳು, ಸಭೆಲಿ ಅದು ಮೆಂಬರ್ ಬಾಯಲ್ಲಿ ಬಂದ್ರೆ ನಡಾವಳಿಲಿ ಅವರ ಹೆಸರೇ ಬೀಳುತ್ತೆ, ಮುಂದಿನ ಯೋಜನೆಗೂ ಅವರನ್ನೇ ಕೇಳ್ತಾರೆ. ಬೇಕಿದ್ರೆ ಮೆಂಬರ್ ಒಪ್ಲಿ, ಆದ್ರೆ ಇದು ಮಹಿಳಾ ಸಭೆಯಲ್ಲಿ ಬಂದ ಸಲಹೆ ಅಂತ ಒಂದು ಸಾಲು ಬರೀಲೇಬೇಕು.

ತಾಳ್ಮೆ ಬಗ್ಗೆ ಏನು ಹೇಳ್ಲಿ. ಕಾಲೋನಿ ನಲ್ಲಿಗೆ ಕೊನೆಗೆ ನೀರು ಬಿಡೋದನ್ನ ನಮ್ಮಜ್ಜಿ ಕಾಲದಿಂದ ತಾಳ್ಕೊಂಡೇ ಬಂದಿದೀವಿ.

ಕೆರೆಏರಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರ ಅಂದ್ಕೊಂಡಿರಲಿಲ್ಲ. ಮೊದಲು ಕಾಲೋನಿಲಿ ಬೇರೆ ಸಭೆ, ಆಮೇಲೆ ಬೀದಿ ಬೀದಿಲಿ ಹೆಂಗಸರದ್ದು, ಕೊನೆಗೆ ಸ್ಕೂಲಲ್ಲಿ ಎಲ್ರದ್ದೂ ಒಟ್ಟಿಗೆ, ಮಧ್ಯಾಹ್ನ ಮೂರಕ್ಕೆ ಅಂತ ಯೋಚನೆ ಮಾಡಿದೀನಿ. ಸುದ್ದಿ ಯಾರಿಗೆ ಹೇಳ್ಬೇಕು ಅನ್ನೋ ಪ್ರಶ್ನೆನ ನಿನ್ನೆ ಒಂದು ಬೀದಿಲಿ ಕೇಳಿದೆ, ಮೂರು ಮನೆಯೋರು ಒಬ್ಬರದ್ದೇ ಹೆಸರು ಹೇಳಿದ್ರು, ಹೂ ಕಟ್ಟಿ ಮಾರೋ ಒಬ್ಬರು ಅಜ್ಜಿ, ಸಮಿತಿಲಿ ಅವರ ಹೆಸರೇ ಇಲ್ಲ. ತವರಿಗೆ ವಾಪಸ್ ಬಂದಿರೋರೂ ಇಬ್ಬರು ಸಿಕ್ಕಿದಾರೆ.

ಸಮಿತಿ ಪಂಚಾಯ್ತಿಯ ಉಪಸಮಿತಿ ಆಗಿರೋದ್ರಿಂದ ಪಟ್ಟಿ ಬದಲಾಯಿಸೋ ವಿಷಯ ಗ್ರಾಮ ಸಭೆಲಿ ಇಡಿ ಅಂತ ಪಿಡಿಒಗೆ ಕೇಳ್ತೀನಿ. ಇನ್ನೊಂದು ಕೇಳ್ಬೇಕಿತ್ತು, ಕಿಟ್ ಇಟ್ಕೊಂಡು ನೀರು ಪರೀಕ್ಷೆ ಮಾಡೋಕೆ ಪ್ರತಿ ಊರಲ್ಲಿ ಐದು ಹೆಂಗಸರಿಗೆ ತರಬೇತಿ ಕೊಡ್ಬೇಕು, ಅದಕ್ಕೆ ಯಾರನ್ನ ಆರಿಸ್ಲಿ? ನಮ್ಮ ಕಡೆ ಫ್ಲೋರೈಡ್ ಇರೋದ್ರಿಂದ ಇದು ಹೆಸರಿಗೆ ಮಾತ್ರ ಆಗೋದು ಬೇಡ.

ಒಕ್ಕೂಟದಲೆಕ್ಕ:

ಐದು ಜನನ ಐದು ಬೀದಿಯಿಂದ ತಗೊಳ್ಳಿ, ಇಬ್ಬರಾದ್ರೂ ಕಾಲೋನಿಯೋರಿರ್ಲಿ, ಇಬ್ಬರು ಅಂದ್ರೆ ಒಬ್ಬಳಿಗೆ ಇನ್ನೊಬ್ಬಳು ಜೊತೆ ಇರ್ತಾಳೆ, ಒಬ್ಬಳೇ ಆದ್ರೆ ಬರೋದು ನಿಲ್ಲಿಸ್ತಾಳೆ. ಕಾಲೋನಿಯೋರು ಊರೊಳಗಿನ ನಲ್ಲಿ ನೀರನ್ನೂ ಪರೀಕ್ಷೆ ಮಾಡ್ಬೇಕು, ಅವರೂ ಇಲ್ಲಿಗೆ ಬರ್ಬೇಕು, ಶುರುಲಿ ನೀವು ಜೊತೆಗೆ ಹೋಗಿ. ಬಣ್ಣ ಬಂದ ಫಲಿತಾಂಶನ ಸ್ಕೂಲ್ ಗೋಡೆ ಮೇಲೆ ತಾರೀಖು ಹಾಕಿ ಬರೆಸಿ, ಫೈಲಲ್ಲಿ ಇಟ್ರೆ ಯಾರೂ ನೋಡಲ್ಲ.

ಗೌರವಧನ ಏನಾದ್ರೂ ಇದ್ರೆ ಅವರವರ ಖಾತೆಗೇ ಹಾಕಿಸಿ, ಹಾಕೋ ಮೊದಲು ಖಾತೆಗೆ ಜೋಡಿಸಿರೋ ಫೋನ್ ನಂಬರ್ ಯಾರದ್ದು ಅಂತ ಒಂದ್ಸಲ ನೋಡಿ. ನಮ್ಮ ಒಕ್ಕೂಟದಲ್ಲಿ ನಂಬರ್ ಪರಿಶೀಲನೆ ಮಾಡಿದಾಗ ಎಷ್ಟೋ ಪಾಸ್‌ಬುಕ್ ಹೆಂಡತಿ ಹೆಸರಲ್ಲಿ, ಓಟಿಪಿ ಬರೋದು ಗಂಡನ ಫೋನಿಗೆ. ಬ್ಯಾಂಕಿಗೆ ಒಬ್ಬೊಬ್ಬರೇ ಹೋದ್ರೆ ಕೆಲಸ ಆಗಲ್ಲ, ಐದೂ ಜನ ಆಧಾರ್ ಹಿಡ್ಕೊಂಡು ಒಟ್ಟಿಗೆ ಹೋಗಿ ನಂಬರ್ ಬದಲಾಯಿಸ್ಕೊಂಡು ಬರ್ಲಿ.